ಎಡಗಡೆ ಸೀಟಿನ ಕೆಳಗಿನ ವೈರು

ಹೆಗ್ಗನಹಳ್ಳಿಯ ಗ್ಯಾರೇಜಿನಲ್ಲಿ ಬೈಕ್ ರಿಪೇರಿಗೆ ಕಾಯುತ್ತಾ ಮಹದೇವ ಕುದಿಯುತ್ತಿದ್ದ. ಅವನ ಸರದಿಯನ್ನು ಅಂಜಿನಯ್ಯನವರ ಹಳೇ ವ್ಯಾನು ನುಂಗಿ ಕೂತಿತ್ತು. ಮೆಕ್ಯಾನಿಕ್ ಯಶ್ವಂತ್ ಎಡಗಡೆಯ ಸೀಟೆತ್ತಿ, ಅದರಡಿಯ ಇಂಜಿನ್ ನೋಡುತ್ತಿದ್ದ.

"ಗಾಡಿ ನಿಲ್ಲುತ್ತೆ ಅಂತ ಈ ತಿಂಗಳಲ್ಲೇ ಎರಡು ಸಲ ಸೆನ್ಸರ್ ಹಾಕ್ಸಿದೀನಪ್ಪ," ಎಂದರು ಅಂಜಿನಯ್ಯ.

"ಸೆನ್ಸರ್ ಚೆನ್ನಾಗಿದೆ ಯಜಮಾನ್ರೇ, ಅದರ ವೈರು ಸವೆದಿದೆ. ಈ ಸೀಟಲ್ಲಿ ಯಾರಾದ್ರೂ ಕೂತ್ರೆ ಅದಕ್ಕೆ ಒತ್ತು ಬಿದ್ದು ಇಂಜಿನ್ ಆಫ್ ಆಗುತ್ತೆ. ಒಬ್ರೇ ಓಡಿಸಿದ್ರೆ ಏನೂ ಆಗಲ್ಲ."

"ಅದಕ್ಕೇ ಮೂರು ವರ್ಷ ಒಬ್ನೇ ಓಡಿಸ್ದಾಗ ಒಂದ್ಸಲಾನೂ ನಿಲ್ಲಲಿಲ್ಲ!"

"ಈಗ ಯಾರು ಕೂತಿದ್ರು?"

"ನಮ್ಮನೆಯವಳು. ಮೂರು ವರ್ಷದ ಹಿಂದೆ ಮುನಿಸ್ಕೊಂಡು ಕೆಂಗೇರೀಲಿ ಅವಳ ತಂಗಿ ಮನೆ ಸೇರಿದಾಳೆ. ಈ ತಿಂಗಳು ಕರೆಯೋಕೆ ಹೋದಾಗ ಎರಡು ಸಲ ಒಪ್ಪಿ ಹತ್ತಿದ್ಲು, ಎರಡು ಸಲಾನೂ ಗಾಡಿ ನಿಂತೋಯ್ತು. 'ನಿಮ್ ಗಾಡಿಗೂ ನಾನು ಬೇಡವಾದೆ' ಅಂತ ಇಳಿದು ವಾಪಸ್ ಹೋದ್ಲು."

"ವೈರು ಕಟ್ಟಿದೀನಿ. ಇವತ್ತೇ ಹೋಗಿ ಕರೀರಿ."

"ಇನ್ನು ಕರೀಬೇಡಿ ಅಂದವ್ಳೆ ಕಣಪ್ಪ. ನೀನೇ ಪಕ್ಕ ಕೂತ್ಕೋ, ನೋಡೋಣ."

ಯಶ್ವಂತ್ ಕೂತ. ವ್ಯಾನು ತಿರುವಿನವರೆಗೂ ನಿಲ್ಲದೆ ಓಡಿತು. ಅಲ್ಲಿಂದ ಅವನು ಇಳಿದು ನಡೆದು ಬಂದ. ಜಗಳಕ್ಕೆಂದೇ ಎದ್ದಿದ್ದ ಮಹದೇವ, ಪಕ್ಕದ ಸೀಟು ಖಾಲಿಯಾದ ಆ ವ್ಯಾನು ಯಾವ ಕಡೆ ಹೋಗುವುದೆಂದು ನೋಡುತ್ತಾ ನಿಂತ. ಅದು ಕೆಂಗೇರಿಯ ಕಡೆಗೆ ತಿರುಗಲಿಲ್ಲ.