ಅಳಿಸದೆ ಉಳಿದ ಸಣ್ಣ ಭಾಗದಲ್ಲಿ ನನ್ನ ಗಂಡನ ಧ್ವನಿ ಇರುವ ಬಗ್ಗೆ

ನನ್ನ ಹೆಸರು ಶಶಿರೇಖಾ, ದಿವಂಗತ ನಂದಕುಮಾರ್ ಅವರ ಹೆಂಡತಿ, ವಯಸ್ಸು 36 ವರ್ಷ, ತರಕಾರಿ ವ್ಯಾಪಾರ, ವಾಸ ಚಾಮರಾಜಪೇಟೆ, ಬೆಂಗಳೂರು. ಕಳುವಾಗಿದ್ದ ನನ್ನ ವಸ್ತುವನ್ನು ಗುರುತಿಸಲು ಈ ದಿನ ಕರೆಸಿದ್ದರಿಂದ ಮಗಳೊಂದಿಗೆ ಠಾಣೆಗೆ ಬಂದು, ನನಗೆ ತಿಳಿದಷ್ಟನ್ನು ಹೇಳಿ ಬರೆಸಿರುತ್ತೇನೆ.

ನನ್ನ ಗಂಡ ಕಂಪ್ಯೂಟರ್ ತರಗತಿ ನಡೆಸುತ್ತಿದ್ದರು. ಕೈಯಲ್ಲೇ ಹಿಡಿದು ಬಳಸುವ ಸಣ್ಣ ಕಂಪ್ಯೂಟರೊಂದು ಅವರ ಬಳಿ ಇತ್ತು. ಕಳೆದ ವರ್ಷ ಅವರಿಗೆ ಗಂಟಲು ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಆದ ಮೇಲೆ ಮಾತು ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ, ಮೊದಲೇ ನಮ್ಮ ಮಗಳು ಮಧುರಾಳಿಗಾಗಿ ಕಥೆಗಳನ್ನು ಹೇಳಿ ಅದರಲ್ಲಿ ರೆಕಾರ್ಡ್ ಮಾಡಿಟ್ಟರು. ಆಪರೇಷನ್ ಆಗಿ ಐದು ತಿಂಗಳಿಗೆ ತೀರಿಕೊಂಡರು. ಮಗಳಿಗೆ ಈಗ ಎಂಟು ವರ್ಷ. ಶಾಲೆಯಿಂದ ಬಂದು ಅಂಗಡಿಯಲ್ಲಿ ಈರುಳ್ಳಿ ಮೂಟೆಯ ಮೇಲೆ ಕೂತು ದಿನಕ್ಕೊಂದು ಕಥೆ ಕೇಳುತ್ತಿದ್ದಳು.

ದಿನಾಂಕ 3-11-2025ರಂದು ಸಂಜೆ ಸುಮಾರು 5 ಗಂಟೆಗೆ ನಾನು ಗಿರಾಕಿಗೆ ಸೊಪ್ಪು ಕೊಡುತ್ತಿದ್ದೆ. ಮಗಳು ನೀರು ಕುಡಿಯಲು ಒಳಗೆ ಹೋಗಿದ್ದಳು. ಅಷ್ಟರಲ್ಲಿ ಮೂಟೆಯ ಮೇಲಿದ್ದ ಕಂಪ್ಯೂಟರನ್ನು ಯಾರೋ ಎತ್ತಿಕೊಂಡು ಹೋದರು. ಅದೇ ದಿನ ದೂರು ಕೊಟ್ಟಿದ್ದೇನೆ. ಅಂದಿನಿಂದ ಮಗಳು ಅಂಗಡಿಗೆ ಬರುವುದನ್ನು ಬಿಟ್ಟಳು.

ಈ ದಿನ ಹೆಡ್ ಕಾನ್‌ಸ್ಟೇಬಲ್ ಪುಟ್ಟಯ್ಯನವರು ತೋರಿಸಿದ ಕಂಪ್ಯೂಟರ್ ನನ್ನ ಗಂಡನದೇ. ಹಿಂಭಾಗದಲ್ಲಿ ಮಗಳು ಅಂಟಿಸಿದ್ದ ನವಿಲಿನ ಚಿತ್ರ ಅರ್ಧ ಕಿತ್ತುಹೋಗಿದೆ. ಅದನ್ನು ಠಾಣೆಗೆ ತಂದುಕೊಟ್ಟವಳು ಶೇಷಾದ್ರಿಪುರಂನ ಕಾಲೇಜು ವಿದ್ಯಾರ್ಥಿನಿ ಆರಾಧನಾ. ಆಕೆಯೂ ಅಲ್ಲಿದ್ದಳು. ಕದ್ದ ಮಾಲೆಂದು ತಿಳಿಯದೆ ಹಳೇ ಸಾಮಾನು ಮಾರುವವನೊಬ್ಬನಿಂದ ಕೊಂಡಿದ್ದಾಗಿ ಹೇಳಿದಳು. ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಲು ನೋಡಿದಾಗ ಡಿಸ್ಕ್ ಎರಡು ಭಾಗವಾಗಿತ್ತೆಂದೂ, ದೊಡ್ಡ ಭಾಗವನ್ನು ಪೂರ್ತಿ ಅಳಿಸಿ ಅಲ್ಲಿ ಹೊಸದನ್ನು ಹಾಕಿದ್ದಾಗಿಯೂ, ಸಣ್ಣ ಭಾಗವನ್ನೂ ಅಳಿಸಿ ದೊಡ್ಡದಕ್ಕೆ ಸೇರಿಸುವ ಮೊದಲು ತೆರೆದು ನೋಡಿದರೆ ಯಾರದೋ ಧ್ವನಿ ಕೇಳಿದ್ದರಿಂದ ಅಲ್ಲಿಗೇ ನಿಲ್ಲಿಸಿ ಮಾರನೇ ದಿನ ಠಾಣೆಗೆ ತಂದಿದ್ದಾಗಿಯೂ ತಿಳಿಸಿದಳು. "ಆಂಟಿ, ಮೊದಲನೇದನ್ನ ನಾನು ತೆಗೆದೇ ನೋಡ್ಲಿಲ್ಲ. ನೋಡ್ಬೇಕಿತ್ತು" ಎಂದು ಎರಡು ಸಲ ಹೇಳಿದಳು.

ಕಥೆಗಳೆಲ್ಲ ಇದ್ದದ್ದು ಆ ದೊಡ್ಡ ಭಾಗದಲ್ಲಿ. ಅದರ ಮೇಲೆ ಹೊಸದನ್ನು ಬರೆದಿರುವುದರಿಂದ ಅವು ವಾಪಸ್ ಬರುವುದಿಲ್ಲವೆಂದು ಇಲಾಖೆಯ ಕಂಪ್ಯೂಟರ್ ಬಲ್ಲವರು ಹೇಳಿರುವುದಾಗಿ ಪುಟ್ಟಯ್ಯನವರು ತಿಳಿಸಿದರು. ಆರಾಧನಾ ತಾನು ಕೂತಿದ್ದ ಬೆಂಚಿನಿಂದ ಎದ್ದು ನನ್ನನ್ನು ಕೂರಿಸಿದಳು.

ಉಳಿದ ಸಣ್ಣ ಭಾಗದಲ್ಲಿ ಇದ್ದವು ಸರಿ ಬಾರದೆ ನನ್ನ ಗಂಡ ಬದಿಗೆ ಹಾಕಿದ್ದ ರೆಕಾರ್ಡುಗಳು. ಪುಟ್ಟಯ್ಯನವರು ಒಂದನ್ನು ಹಾಕಿದರು. ಒಂದೂರಲ್ಲಿ ಎಂದು ಶುರು ಮಾಡಿ, ತಕ್ಷಣ "ಶಶೀ, ಆ ಮಿಕ್ಸಿ ನಿಲ್ಸೇ" ಎಂದು ಅವರು ಕೂಗಿದ್ದು ಕೇಳಿತು. "ಚಟ್ನಿ ಬೇಡ್ವಾ ನಿಮಗೆ? ಒಂದ್ನಿಮಿಷ ತಡ್ಕೊಳ್ಳಿ" ಎಂದು ನಾನು ರೇಗಿದ್ದೂ ಇತ್ತು. ಆಮೇಲೆ ಬರೀ ಮಿಕ್ಸಿ ಸದ್ದು. ಕೊನೆಗೆ ಮೆಲ್ಲಗೆ "ಇರು ಮಗಳೇ, ನಿಮ್ಮಮ್ಮ ಬೈತಿದಾಳೆ" ಎಂದಿದ್ದರು.

ಮಗಳು ನನ್ನ ಸೆರಗು ಹಿಡಿದುಕೊಂಡು, "ಅಪ್ಪ ಹೀಗೆ ಕೂಗ್ತಿದ್ರಲ್ವಾ, ನಂಗೆ ಮರ್ತೇ ಹೋಗಿತ್ತು" ಎಂದಳು. ಇನ್ನೊಂದು ಸಲ ಹಾಕಿ ಎಂದು ಕೇಳಿದಳು. ಪುಟ್ಟಯ್ಯನವರು ಹಾಕಿದರು.

ಕಂಪ್ಯೂಟರ್ ಮುದ್ದೆಮಾಲು, ಅಂದರೆ ಕೇಸಿನ ಸಾಕ್ಷಿಗೆ ಇಟ್ಟುಕೊಂಡ ವಸ್ತುವಾದ್ದರಿಂದ ಕೋರ್ಟಿನ ಅಪ್ಪಣೆಯಿಲ್ಲದೆ ಕೊಡಲು ಬರುವುದಿಲ್ಲ ಎಂದರು. ಇನ್ಸ್‌ಪೆಕ್ಟರ್ ಸಾಹೇಬರು ಒಪ್ಪಿದ್ದರಿಂದ ಸೀಲು ಮಾಡುವ ಮೊದಲು ಆರಾಧನಾ ಆ ರೆಕಾರ್ಡುಗಳನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟಳು. ಆ ಹುಡುಗಿಯ ಮೇಲೆ ನನ್ನದು ಯಾವ ದೂರೂ ಇಲ್ಲ. ಕದ್ದವನನ್ನು ಹಿಡಿಯಬೇಕೆಂದು ಕೋರುತ್ತೇನೆ.

ಇದನ್ನು ಬರೆಸುತ್ತಿರುವ ಹೊತ್ತಿನಲ್ಲಿ ಮಗಳು ಹೊರಗೆ ಆರಾಧನಾಳ ಪಕ್ಕ ಕೂತು ಅದನ್ನೇ ಕೇಳುತ್ತಿದ್ದಾಳೆ. ಮಿಕ್ಸಿಯ ಸದ್ದು ಇಲ್ಲಿಯವರೆಗೂ ಬರುತ್ತಿದೆ.

ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದ್ದಕ್ಕಿಂತ ಹೆಚ್ಚಿಲ್ಲ, ಕಡಿಮೆಯಿಲ್ಲ, ಎಲ್ಲವೂ ನಿಜ.

ಸ್ಥಳ: ಬೆಂಗಳೂರು
ದಿನಾಂಕ: 14-11-2025
ಸಹಿ: ಶಶಿರೇಖಾ