ಹಗುರಾದ ಲ್ಯಾಪ್‌ಟಾಪ್

ರೋಣದ ನಿಲ್ದಾಣದಲ್ಲಿ ನರಗುಂದದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಗಜೇಂದ್ರಗಡದ ಅಣ್ಣ-ತಂಗಿ ಕುಳಿತಿದ್ದರು. ಅಣ್ಣನ ಕೈಯಲ್ಲಿ ದವಾಖಾನೆಯ ಫೈಲಿತ್ತು.

“ಸಣ್ಣ ಲ್ಯಾಪ್‌ಟಾಪ್ ತಗೋತೀನಿ, ಅಣ್ಣಾ. ಹಳೇದು, ಪುಕ್ಕಟ ಸಿಗೋ ಲಿನಕ್ಸ್ ಹಾಕಿದ್ದು. ಸೋವಿ ಐತಿ.”

“ವಿಂಡೋಸ್ ಇಲ್ದ ನಡೀತೈತೇನು, ಮಧುಮತಿ?”

“ಸೀರಿ ಅಂಚಿನ ಡಿಸೈನ್ ಬಿಡಿಸಾಕ ಅಷ್ಟ ಸಾಕು. ವಾರಕ್ಕ ಮೂರ್ ಸಲ ನಿನ್ನ ಡಯಾಲಿಸಿಸ್. ಗದಗಿನ್ಯಾಗ ನಾಕ್ ನಾಕ್ ತಾಸು ಸುಮ್ನ ಕುಂದರ್ತೀನಿ.”

“ನನ್ನಿಂದ ನಿನ್ನ ಕೆಲಸ ಕೆಡ್ತು.”

“ಅದಕ್ಕ ತಗೋಳಾಕತ್ತೀನಿ.”

“ಹಂಗಾದ್ರ ದೊಡ್ಡದ ತಗೋ. ಕಣ್ಣಿಗೆ ಚಲೋ.”

“ದೊಡ್ಡದು ಭಾಳ ವಜ್ಜಿ. ಬರೋವಾಗ ನಿನಗ ತಲಿ ತಿರಗತೈತಿ. ನಿನ್ನ ಹಿಡ್ಕೊಳ್ಳಾಕ ನನಗ ಒಂದ್ ಕೈ ಖಾಲಿ ಬೇಕು.”

ಗದಗಿನ ಬಸ್ ಬಂದಾಗ ಅಣ್ಣ ತಂಗಿಯ ಚೀಲವನ್ನು ತಾನೇ ಎತ್ತಿಕೊಂಡು, ನಿಧಾನವಾಗಿ ಮೆಟ್ಟಿಲು ಹತ್ತಿದ.