ಡ್ರೈವರ್ ಅಜ್ಜನ ಹಾರ್ನು

ಅಂಗಡಿಯ ಷಟರ್ ಎಳೆದು ಅವನು ಹೊರಡುವಾಗ ರಾತ್ರಿ ಹನ್ನೊಂದು ದಾಟಿರುತ್ತಿತ್ತು. ಬೀದಿಯ ತಿರುವಿನಲ್ಲಿ ಒಂದು ಹಾಳುಬಾವಿ... ಅದನ್ನು ದಾಟಿಯೇ ಮನೆ ಸೇರಬೇಕು. ಹತ್ತಿರ ಬಂದು ಕೂತು ಕೇಳಿ. ಇದು ನನ್ನ ಸ್ವಂತ ದೊಡ್ಡಪ್ಪನ ಮಗನಿಗೆ ಆದದ್ದು, ಯಾರೋ ಯಾರಿಗೋ ಹೇಳಿದ ಕತೆಯಲ್ಲ.

ಟಿವಿ ಅಂಗಡಿಯಲ್ಲಿ ಫಿಟಿಂಗ್ ಕೆಲಸ ಅವನದು. ಎಲ್ಲರ ಬಾಯಲ್ಲೂ ರಿಮೋಟಣ್ಣ. ಅವನ ಫೋನಿನ ನೆತ್ತಿಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಕಣ್ಣಿಗೆ ಕಾಣದ ಬೆಳಕು ಹೊರಡುವುದು ಅಲ್ಲಿಂದ. ಒಂದು ಆ್ಯಪ್ ಹಾಕಿಕೊಂಡಿದ್ದ. ಯಾವ ಕಂಪನಿಯ ಟಿವಿಯಾಗಲಿ, ಹೋಮ್ ಥಿಯೇಟರ್ ಆಗಲಿ, ಫೋನ್ ತೋರಿಸಿದರೆ ಹೇಳಿದಂತೆ ಕೇಳಬೇಕು. ಕೆಲಸಕ್ಕೆಂದೇ ಹಾಕಿಕೊಂಡದ್ದು, ನಿಜ. ಆದರೆ ಕೈ ಸುಮ್ಮನಿರಬೇಕಲ್ಲ! ರಾತ್ರಿ ಬಾವಿಕಟ್ಟೆಯ ಮೇಲೆ ಕೂತು ಎದುರಿನ ಕಿಟಕಿಗಳತ್ತ ಫೋನ್ ಹಿಡಿಯುತ್ತಿದ್ದ. ಮ್ಯಾಚಿನ ಕೊನೆಯ ಚೆಂಡಿಗೆ ಸರಿಯಾಗಿ ಟಿವಿ ಬಂದ್. ಒಳಗಿನವರು ಒಬ್ಬರನ್ನೊಬ್ಬರು ಬೈದಾಡಿಕೊಳ್ಳುವುದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಬಾವಿಯ ಎದುರಿಗೇ ಡ್ರೈವರ್ ಅಜ್ಜನ ಕೋಣೆ. ಮೂವತ್ತು ವರ್ಷ ಬಸ್ ಓಡಿಸಿದವರು. ಲಕ್ವ ಹೊಡೆದು ಮಾತು ನಿಂತುಹೋಗಿತ್ತು, ಮೈಯಲ್ಲಿ ಆಡುತ್ತಿದ್ದದ್ದು ಬಲಗೈ ಒಂದೇ. ಆ ಕೈಯಲ್ಲಿ ಸದಾ ಟಿವಿಯ ರಿಮೋಟು. ನೀರು ಬೇಕಾದರೆ, ಮಗ್ಗುಲು ಬದಲಿಸಬೇಕಾದರೆ ಅಜ್ಜ ಸೌಂಡ್ ಏರಿಸುತ್ತಿದ್ದರು. "ಮಾವ ಹಾರ್ನ್ ಹೊಡೀತಿದಾರೆ, ಏಳ್ರೀ" ಅಂತ ಸೊಸೆ ನಗುತ್ತಲೇ ಗಂಡನನ್ನು ಎಬ್ಬಿಸುತ್ತಿದ್ದಳು. ಈ ಏರ್ಪಾಡು ರಿಮೋಟಣ್ಣನಿಗೂ ಚೆನ್ನಾಗಿ ಗೊತ್ತಿತ್ತು. ಆ ಟಿವಿಯನ್ನು ಗೋಡೆಗೆ ಕೂರಿಸಿದವನೇ ಅವನು.

ಆವತ್ತು ಬೀದಿಯೆಲ್ಲ ಮಲಗಿದೆ. ಅಜ್ಜನ ಕಿಟಕಿಯಲ್ಲಿ ಮಾತ್ರ ನೀಲಿ ಬೆಳಕು. ಸೌಂಡ್ ಏರತೊಡಗಿತು. ಹತ್ತು... ಹದಿನೈದು... ಇಪ್ಪತ್ತು. ಇವನು ಕಟ್ಟೆಯ ಮೇಲಿಂದ ಇಳಿಸಿದ. ಅಜ್ಜ ಏರಿಸಿದರು. ಇವನು ಇಳಿಸಿದ. ಪರದೆಯ ಮೇಲೆ ಹಸಿರು ಗೆರೆ ಉದ್ದವಾಗುವುದು, ಗಿಡ್ಡವಾಗುವುದು. "ಬಿಡಲ್ಲ ಅಂತೀಯಾ ಅಜ್ಜಾ? ನಾನೂ ಬಿಡಲ್ಲ" ಅಂತ ಪಿಸುಗುಟ್ಟಿದನಂತೆ. ಹೀಗೆ ಹನ್ನೆರಡು ಸಲ. ಆಮೇಲೆ ಗೆರೆ ಏರಲಿಲ್ಲ. ಗೆದ್ದೆ ಅಂದುಕೊಂಡು ಮನೆಗೆ ಹೋಗಿ ಮಲಗಿದ.

ಬೆಳಿಗ್ಗೆ ಆ ಮನೆ ಮುಂದೆ ಜನ. ಅಜ್ಜ ಉಸಿರು ಕಟ್ಟಿ ಸತ್ತಿದ್ದರು. ಮಗ ತಲೆ ಚಚ್ಚಿಕೊಳ್ಳುತ್ತಿದ್ದ. "ನಂಗೆ ಹಾರ್ನ್ ಕೇಳಿಸ್ಲೇ ಇಲ್ವಲ್ಲೋ... ಹಾಳು ನಿದ್ದೆ ಮಾಡ್ಬಿಟ್ಟೆ." ನೆಂಟರು ಸೊಸೆಯತ್ತ ಕಣ್ಣು ಕೆಂಪು ಮಾಡಿದರು. ಮುದುಕ ಹೊರೆಯಾಗಿದ್ದ, ಬೇಕೆಂದೇ ಕಿವಿಗೆ ಹಾಕಿಕೊಳ್ಳಲಿಲ್ಲ ಅಂತ ಆಡಿಕೊಂಡರು. ರಿಮೋಟಣ್ಣ ತುಟಿ ಪಿಟಕ್ಕೆನ್ನಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ. ಆಟ ಆಡಿದ್ದು ಹಾಳಾಗಲಿ, ಆ ಹೆಣ್ಣುಮಗಳ ಮೇಲೆ ಬಂದ ಅಪವಾದವನ್ನು ನಿಂತು ಕೇಳಿಸಿಕೊಂಡನಲ್ಲ!

ಒಂದು ತಿಂಗಳಾಗಿರಬೇಕು. ಅದೇ ದಾರಿ, ಅದೇ ಹೊತ್ತು. ಬಾವಿಯ ಹತ್ತಿರ ಬಂದಾಗ ಜೇಬಿನೊಳಗೆ ಫೋನ್ 'ಟಿಕ್' ಅಂದಿತು. ಟಿಕ್... ಟಿಕ್... ಗುಂಡಿ ಒತ್ತಿದಾಗ ಆಗುವ ಸದ್ದು. ತೆಗೆದು ನೋಡಿದ. ಆ ಆ್ಯಪನ್ನು ಅಜ್ಜ ಸತ್ತ ದಿನವೇ ಅಳಿಸಿಹಾಕಿದ್ದ. ಈಗ ತಾನಾಗಿ ತೆರೆದುಕೊಂಡಿದೆ. ಸೌಂಡ್ ಏರಿಸುವ ಗುಂಡಿ ಬೆರಳಿಲ್ಲದೆಯೇ ಒತ್ತಿಕೊಳ್ಳುತ್ತಿದೆ. ಫೋನ್ ಎಸೆದುಬಿಡಬೇಕು ಅಂದುಕೊಂಡ... ಅಷ್ಟೇ ನೆನಪು.

ಕಣ್ಣು ಬಿಟ್ಟರೆ ಬಾವಿಯ ತಳ. ಸೊಂಟದವರೆಗೆ ಕೆಸರು. "ಯಾರಾದ್ರೂ ಬನ್ರೋ!" ಅಂತ ಕೂಗಿದ. ಕೂಗಿದ್ದೇ ತಡ, ಮೇಲೆ ಯಾರದೋ ಮನೆಯ ಟಿವಿ ತಾನಾಗಿ ಆನ್ ಆಗಿ ಜೋರಾಯಿತು. ಮತ್ತೆ ಕೂಗಿದ. ಇನ್ನೊಂದು ಮನೆಯದೂ ಜೋರಾಯಿತು. ಗಂಟಲು ಹರಿಯುವಂತೆ ಅರಚಿದ. ಬೀದಿಯ ಆರೂ ಟಿವಿಗಳು ಒಟ್ಟಿಗೆ... ವಾರ್ತೆ, ಹಾಡು, ಜಾಹೀರಾತು ಎಲ್ಲ ಕಲಸಿಕೊಂಡು ಬಾವಿಯ ಕಲ್ಲುಗಳು ಗುಂಯ್ ಅಂದವು. ನಿದ್ದೆಗೆಟ್ಟವರು "ಯಾರು ಹಾಕಿದ್ದು ಇದನ್ನ, ಆರಿಸಿ!" ಅಂತ ತಂತಮ್ಮ ಮನೆಯೊಳಗೇ ಕಿರುಚಾಡುತ್ತಿದ್ದರು. ಅವನ ಕೂಗು ಅವನಿಗೇ ಕೇಳಿಸದು. ಸುಮ್ಮನಾದರೆ ಸೌಂಡ್ ಇಳಿಯುತ್ತದೆ. ಬಾಯಿ ತೆರೆದರೆ ಏರುತ್ತದೆ. ಎಷ್ಟು ಹೊತ್ತು ಹೀಗೆ ಆಟ ಆಡಿಸಿತೋ, ಅವನಿಗೂ ಗೊತ್ತಿಲ್ಲ.

ಕೊನೆಗೆ ಅಳುತ್ತಾ ಬಾಯಿಬಿಟ್ಟ.

"ನಾನೇ! ಅಜ್ಜ ಸೌಂಡ್ ಏರಿಸ್ತಿದ್ರು, ಫೋನಲ್ಲಿ ನಾನೇ ಇಳಿಸ್ತಿದ್ದೆ! ಸೊಸೆದು ಏನೂ ತಪ್ಪಿಲ್ಲ!"

'ನಾನೇ' ಅಂದ ಕ್ಷಣಕ್ಕೆ ಆರೂ ಟಿವಿಗಳು ಒಮ್ಮೆಲೇ ಬಂದ್. ಒಂದು ನಾಯಿಯೂ ಬೊಗಳಲಿಲ್ಲ. ಎದ್ದು ಕೂತಿದ್ದ ಬೀದಿ, ಅವನ ಮಾತನ್ನು ಒಂದಕ್ಷರ ಬಿಡದೆ ಕೇಳಿಸಿಕೊಂಡಿತು.

ಬಾಗಿಲೊಂದು ಕಿರ್ರ್ ಅಂದಿತು. ಚಪ್ಪಲಿಯ ಸದ್ದು... ಚರ್, ಚರ್. ಬಾವಿಯೊಳಕ್ಕೆ ಟಾರ್ಚ್ ಬೆಳಕು ಬಿತ್ತು. ಅಜ್ಜನ ಮಗ.

"ಅಣ್ಣಾ... ಹಗ್ಗ..."

ಬೆಳಕು ಅವನ ಮುಖದ ಮೇಲೆ ನಿಂತಿತು. ಹಿಂದಿನಿಂದ ಹೆಂಡತಿ ಪಿಸುದನಿಯಲ್ಲಿ ಕೇಳಿದಳು, "ಯಾರು ರೀ?"

"ಯಾರೂ ಇಲ್ಲ. ಒಳಗೆ ನಡಿ."

ಟಾರ್ಚ್ ಆರಿತು. ಚಿಲಕ ಬಿದ್ದ ಸದ್ದು. ಒಂದಾದ ಮೇಲೊಂದು ಬೀದಿಯ ಎಲ್ಲ ಚಿಲಕಗಳೂ ಬಿದ್ದವು.

ಬೆಳಿಗ್ಗೆ ಬೀದಿ ಗುಡಿಸುವಾಕೆ ನರಳಾಟ ಕೇಳಿ ಜನ ಸೇರಿಸಿದಳು. ಆದರೂ ಅವನನ್ನು ಮೇಲೆತ್ತುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಯಾಕೆ ಅಂತೀರಾ?... ವೆಲ್ಡಿಂಗ್ ಅಂಗಡಿಯವನು ಬರಬೇಕಿತ್ತು. ಮಕ್ಕಳು ಬೀಳಬಾರದೆಂದು ಆ ಬಾವಿಯ ಬಾಯಿಗೆ ಒಂಬತ್ತು ವರ್ಷದ ಹಿಂದೆಯೇ ಕಬ್ಬಿಣದ ಜಾಲರಿ ಬೆಸುಗೆ ಹಾಕಿಸಿದ್ದರು. ಕೈ ತೂರಿಸುವಷ್ಟೂ ಸಂದಿಯಿಲ್ಲ. ಒಂದು ಸರಳೂ ಮುರಿದಿರಲಿಲ್ಲ, ಬಗ್ಗಿರಲೂ ಇಲ್ಲ. ಸುಳ್ಳಲ್ಲ, ಅದನ್ನು ಕತ್ತರಿಸುವಾಗ ಪಕ್ಕದಲ್ಲೇ ನಿಂತಿದ್ದೆ. ಕಿಡಿ ಹಾರಿ ನನ್ನ ಅಂಗಿ ಎರಡು ಕಡೆ ತೂತಾಯಿತು... ಬೇಕಾದರೆ ಈಗಲೇ ತಂದು ತೋರಿಸುತ್ತೇನೆ.